ಅದು ಗರುಡ ಅಲ್ಲ, ಕಡಲ ಹದ್ದು

ಕಾರವಾರದ ಹತ್ತಿರದ ದೇವಬಾಗ ಕಡಲತೀರದ ಗಾಳಿಮರದ ಮೇಲೆ ಕೂತಿದ್ದ ದೊಡ್ಡ ಹಕ್ಕಿ ಗರುಡನಾ, ಎಲ್ಲಿ ದಾಖಲಿಸೋದು ಅಂತ ಕೇಳಿದ್ದೀರಿ. ಹೊಟ್ಟೆಯೂ ಬಿಳಿ, ಬೆನ್ನು ಬೂದು ಅಂದ್ರೆ ಅದು ಬಿಳಿ ಹೊಟ್ಟೆಯ ಕಡಲ ಹದ್ದು. ಗರುಡನಿಗೆ ತಲೆ, ಎದೆ ಮಾತ್ರ ಬಿಳಿ, ಉಳಿದದ್ದೆಲ್ಲ ಇಟ್ಟಿಗೆ ಕೆಂಪು. ಕಾರವಾರದ ಮೀನು ಮಾರ್ಕೆಟ್ಟಿನ ಕಡೆ ಸುತ್ತೋದು ಅದೇ. ಕಡಲ ಹದ್ದು ತುಂಬಾ ದೊಡ್ಡದು, ರೆಕ್ಕೆ ಬಿಚ್ಚಿದರೆ ಸುಮಾರು 2 ಮೀಟರ್. ಮುಂದಿನ ಸಲ ಹಾರುವಾಗ ಕೆಳಗಿನಿಂದ ನೋಡಿ: ರೆಕ್ಕೆಯ ಮುಂಭಾಗ ಬಿಳಿ, ಹಿಂದಿನ ಗರಿಗಳು ಕಪ್ಪು, ಬಾಲ ಗಿಡ್ಡ, ತೇಲುವಾಗ ಎರಡೂ ರೆಕ್ಕೆ ಮೇಲಕ್ಕೆ ಎತ್ತಿಯೇ ಇರುತ್ತದೆ. ಮೀನಷ್ಟೇ ಅಲ್ಲ, ಕಡಲ ಹಾವನ್ನೂ ಹಿಡಿಯುತ್ತದೆ. ಉಗುರಲ್ಲಿ ಹಾವು ಜೋತಾಡ್ತಿದ್ದರೆ ನೋಡೋಕೆ ಎಷ್ಟು ಚೆಂದ ಗೊತ್ತಾ!

ಕಂಡ ಹಕ್ಕಿಗಳನ್ನು ದಾಖಲಿಸುವ ಜಾಲತಾಣ ಇ-ಬರ್ಡ್‌ಗೆ ಖಂಡಿತ ಹಾಕಿ, ದಿನ, ಹೊತ್ತು, ಜಾಗ ಸಮೇತ. ಫೋಟೋ ಇಲ್ಲದಿದ್ದರೂ ಪರವಾಗಿಲ್ಲ, ಕಂಡದ್ದನ್ನು ಬರೆಯಿರಿ. ಆದರೆ ಕಡ್ಡಿಗಳ ದೊಡ್ಡ ಗೂಡು ಕಂಡರೆ ದಯವಿಟ್ಟು ಆ ಮರದ ಲೊಕೇಶನ್ ವಾಟ್ಸಾಪ್ ಗುಂಪಿಗೆ ಕಳಿಸಬೇಡಿ. ಅದೇ ಗೂಡನ್ನೇ ರಿಪೇರಿ ಮಾಡಿಕೊಂಡು ವರ್ಷ ವರ್ಷ ಬಳಸುವ ಹಕ್ಕಿ ಇದು, ಮೊಟ್ಟೆ ಇಡುವ ಹೊತ್ತಲ್ಲಿ ಜನ ಕ್ಯಾಮೆರಾ ಹಿಡಿದು ಕೆಳಗೆ ಸೇರಿದರೆ ಗೂಡು ಬಿಟ್ಟೇ ಹೋಗಬಹುದು.