ಮೂರಡಿ ಮಣ್ಣು ತೆಗೆದರೆ ಬೋರ್‌ವೆಲ್ ನೀರಿನ ಹಳದಿ ಹೋಗುತ್ತಾ?

ಪ್ರಶ್ನೆ: ಮೇಡಂ, ಪೀಣ್ಯದ ಹತ್ತಿರ ನಮ್ಮ ತಂದೆಯವರದ್ದು 40x60 ಅಡಿಯ ಒಂದು ಶೆಡ್ ಇದೆ. ಇಪ್ಪತ್ತೆರಡು ವರ್ಷ ಕ್ರೋಮ್ ಪ್ಲೇಟಿಂಗ್, ಅಂದರೆ ಲೋಹದ ಸಾಮಾನಿಗೆ ಕ್ರೋಮಿಯಂ ಲೇಪ ಹಾಕುವ ಕೆಲಸ, ಮಾಡುವವರಿಗೆ ಬಾಡಿಗೆಗೆ ಕೊಟ್ಟಿದ್ದೆವು. ಈಗ ಅವರು ಖಾಲಿ ಮಾಡಿದ್ದಾರೆ. ಶೆಡ್ ಕೆಡವಿ ಮನೆ ಕಟ್ಟೋಣ ಅಂತಿದ್ದೇವೆ. ಮೂಲೆಯಲ್ಲಿರುವ ಬೋರ್‌ವೆಲ್ ನೀರು ತಿಳಿ ಹಳದಿ ಬರುತ್ತದೆ. ಕಾಂಟ್ರಾಕ್ಟರ್ ಒಬ್ಬರು, ಜೆಸಿಬಿಯಲ್ಲಿ ಮೂರಡಿ ಮಣ್ಣು ಎತ್ತಿ ಒಳ್ಳೇ ಕೆಂಪು ಮಣ್ಣು ತುಂಬಿಸಿ ಕೊಡ್ತೀನಿ, ನಾಲ್ಕು ದಿನದ ಕೆಲಸ ಅಂತಾರೆ. ಒಪ್ಪಿಕೊಳ್ಳಬಹುದಾ?

ಉತ್ತರ: ಸದ್ಯಕ್ಕೆ ಒಪ್ಪಬೇಡಿ. ಮಣ್ಣು ತೆಗೆಯುವುದೇ ತಪ್ಪು ಅಂತಲ್ಲ. ನಿಮ್ಮಂಥ ಜಾಗದಲ್ಲಿ ಕೊನೆಗೆ ತೆಗೆಯಲೇಬೇಕಾಗಬಹುದು. ಆದರೆ ಆ ಕಾಂಟ್ರಾಕ್ಟರಿಗೆ ಒಂದೇ ಪ್ರಶ್ನೆ ಕೇಳಿ ನೋಡಿ: ಲೋಡು ಎಲ್ಲಿ ಸುರಿಯುತ್ತೀರಿ?

ಲೆಕ್ಕ ಹಾಕೋಣ. 2400 ಚದರ ಅಡಿ, ಮೂರಡಿ ಆಳ. ಅಂದರೆ 7200 ಘನ ಅಡಿ, ಸುಮಾರು 350 ಟನ್ ಮಣ್ಣು. ಹತ್ತು ಟನ್ನಿನ ಟಿಪ್ಪರ್ ಆದರೆ ಮೂವತ್ತೈದು ಲೋಡು. ಬೆಂಗಳೂರಿನಲ್ಲಿ ಪಾಯದ ಮಣ್ಣು ರಾತ್ರಿ ಹೊತ್ತು ಎಲ್ಲಿಗೆ ಹೋಗುತ್ತದೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಕೆರೆ ಅಂಚಿಗೆ, ಇಲ್ಲವೇ ಯಾರದೋ ತಗ್ಗಿನ ಸೈಟು ತುಂಬಿಸಲಿಕ್ಕೆ. ನಿಮ್ಮ ಬೋರ್‌ವೆಲ್ಲಿನ ಹಳದಿ ಇನ್ನೊಬ್ಬರ ಬೋರ್‌ವೆಲ್ಲಿಗೆ ಹೋಯಿತು, ಅಷ್ಟೆ.

ಇದು ಸುಮ್ನೆ ಹೆದರಿಸುವ ಮಾತಲ್ಲ. ಅಮೆರಿಕದ ಜೆರ್ಸಿ ಸಿಟಿಯಲ್ಲಿ ಇದೇ ನಡೆದಿದೆ. ಅಲ್ಲಿ ಕ್ರೋಮಿಯಂ ಅದಿರನ್ನು ಸುಟ್ಟು ಕ್ರೋಮೇಟ್ ಎಂಬ ರಾಸಾಯನಿಕ ಮಾಡುತ್ತಿದ್ದ ದೊಡ್ಡ ಕಾರ್ಖಾನೆಗಳಿದ್ದವು. ಉಳಿದ ಕಸ ನೋಡಲಿಕ್ಕೆ ಒಳ್ಳೇ ಮರಳಿನ ಹಾಗೆ ಇರುತ್ತಿತ್ತು. ಆ ಕಸವನ್ನೇ ಜೌಗು ನೆಲ ತುಂಬಿಸಲಿಕ್ಕೆ, ಕಟ್ಟಡಗಳ ಅಡಿಪಾಯದ ಸುತ್ತ ಹಾಕಲಿಕ್ಕೆ ಊರೆಲ್ಲ ಬಳಸಿದರು. ವರ್ಷಗಳಾದ ಮೇಲೆ ನೆಲಮಾಳಿಗೆಯ ಗೋಡೆಗಳಲ್ಲಿ ಹಳದಿ ಹಸಿರು ಹರಳು ಎದ್ದವು. ಒಂದೇ ಒಂದು 34 ಎಕರೆ ಜಾಗದಲ್ಲಿ ಸುಮಾರು 15 ಲಕ್ಷ ಟನ್ ಕಸ ಬಿದ್ದಿತ್ತು. ಅದನ್ನು ಅಗೆದು ಸಾಗಿಸಿ ಅಂತ 2003ರಲ್ಲಿ ಅಲ್ಲಿನ ಫೆಡರಲ್ ಕೋರ್ಟು ಆದೇಶ ಕೊಡಬೇಕಾಯಿತು. ಪುಕ್ಕಟೆ ಸಿಕ್ಕ ಮಣ್ಣಿನ ಬೆಲೆ ಅದು.

ಈಗ ನಿಮ್ಮ ಜಾಗಕ್ಕೆ ಬರೋಣ. ಮೊದಲು ಆ ಹಳದಿ ಕ್ರೋಮಿಯಮ್ಮಿನದೇನಾ ಅಂತ ಖಾತ್ರಿ ಮಾಡಿಕೊಳ್ಳಿ. ಒಂದು ಗಾಜಿನ ಲೋಟದಲ್ಲಿ ನೀರು ಹಿಡಿದು ಬಿಳಿ ಹಾಳೆಯ ಮುಂದೆ ಇಡಿ. ಕಬ್ಬಿಣದ ನೀರಾದರೆ ಪಂಪಿನಿಂದ ಬರುವಾಗ ತಿಳಿಯಾಗಿಯೇ ಇದ್ದು, ಆಮೇಲೆ ಗಾಳಿ ತಾಗಿ ಕೆಂಪಗಾಗಿ ತಳದಲ್ಲಿ ಚರಟ ಕೂರುತ್ತದೆ. ಕ್ರೋಮಿಯಂ ನೀರು ಬರುವಾಗಲೇ ನಿಂಬೆ ಹಳದಿ. ನಾಲ್ಕು ದಿನ ಇಟ್ಟರೂ ಹಾಗೇ ಇರುತ್ತದೆ, ತಳ ಕಟ್ಟುವುದಿಲ್ಲ. ಕುಡಿಯುವ ನೀರಿನಲ್ಲಿ ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ದಾಟಬಾರದು ಅಂತ ನಮ್ಮ ಮಾನಕ ಹೇಳುತ್ತದೆ. ಕಣ್ಣಿಗೆ ಹಳದಿ ಕಾಣುವ ಹೊತ್ತಿಗೆ ಆ ಮಿತಿ ಎಷ್ಟೋ ಪಟ್ಟು ಮೀರಿರುತ್ತದೆ. ಲೋಟದ ಪರೀಕ್ಷೆ ಸುಳಿವು ಮಾತ್ರ. ಲ್ಯಾಬಿಗೆ ಕೊಡುವಾಗ 'ಒಟ್ಟು ಕ್ರೋಮಿಯಂ' ಜೊತೆ 'ಹೆಕ್ಸಾವೇಲೆಂಟ್ ಕ್ರೋಮಿಯಂ' ಬೇರೆ ಮಾಡಿ ಅಂತ ಬರೆಸಿ. ಕೇಳದಿದ್ದರೆ ಮಾಡುವುದಿಲ್ಲ.

ಯಾಕೆ ಬೇರೆ ಅಂದರೆ, ಕ್ರೋಮಿಯಮ್ಮಿಗೆ ಎರಡು ಮುಖ. ಆರರ ರೂಪದಲ್ಲಿದ್ದರೆ, ಅಂದರೆ ಹೆಕ್ಸಾವೇಲೆಂಟ್ ಆಗಿದ್ದರೆ, ನೀರಿನಲ್ಲಿ ಕರಗಿ ನೀರು ಹೋದ ಕಡೆಗೆಲ್ಲ ಹೋಗುತ್ತದೆ. ವಿಷವೂ ಜಾಸ್ತಿ, ಕ್ಯಾನ್ಸರ್ ತರುವಂಥದ್ದು. ಕ್ರೋಮ್ ತೊಟ್ಟಿಯ ಹಬೆಯಲ್ಲಿ ವರ್ಷಗಟ್ಟಲೆ ಉಸಿರಾಡಿದ ಕೆಲಸಗಾರರಿಗೆ ಮೂಗಿನ ನಡುವಿನ ಗೋಡೆಯೇ ತೂತು ಬೀಳುವುದುಂಟು. ಮೂರರ ರೂಪಕ್ಕೆ ತಿರುಗಿದರೆ ಅದೇ ಕ್ರೋಮಿಯಂ ಮಣ್ಣಿಗೆ ಅಂಟಿಕೊಂಡು ಸುಮ್ಮನೆ ಕೂರುತ್ತದೆ, ಹೆಚ್ಚು ಕದಲುವುದಿಲ್ಲ. ನಮ್ಮ ಕೆಲಸದ ಅರ್ಧ ಭಾಗ ಆರನ್ನು ಮೂರು ಮಾಡುವುದು.

ಮಣ್ಣಿನ ಪರೀಕ್ಷೆ ಎಲ್ಲಿಂದ ಶುರು ಮಾಡಬೇಕು? ನಿಮ್ಮ ಹಳೇ ಬಾಡಿಗೆದಾರರ ಹತ್ತಿರ ಕೆಲಸ ಮಾಡಿದವರು ಯಾರಾದರೂ ಸಿಕ್ಕರೆ ಒಂದು ಟೀ ಕುಡಿಸಿ, ಶೆಡ್ಡಿನೊಳಗೆ ಕರೆದುಕೊಂಡು ಹೋಗಿ. ಕ್ರೋಮ್ ತೊಟ್ಟಿ ಎಲ್ಲಿತ್ತು, ತೊಳೆಯುವ ತೊಟ್ಟಿ ಎಲ್ಲಿತ್ತು, ಆಸಿಡ್ ಡ್ರಮ್ಮು ಎಲ್ಲಿ ಇಡುತ್ತಿದ್ದರು, ಮೋರಿ ಯಾವ ಕಡೆ ಹೋಗುತ್ತಿತ್ತು, ಎಲ್ಲ ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆಸಿ. ಯಾವ ಯಂತ್ರಕ್ಕಿಂತ ಇದು ಉಪಯೋಗ. ಬೇಸಿಗೆಯಲ್ಲಿ ಗೋಡೆಯ ಬುಡದಲ್ಲಿ ಹಳದಿ ಉಪ್ಪಿನಂಥ ಪೊರೆ ಕಂಡರೆ ಅಲ್ಲೂ ಒಂದು ಗುರುತು ಹಾಕಿ. ಅದನ್ನು ಬರಿಗೈಯಲ್ಲಿ ಕೆರೆಯಬೇಡಿ.

ಗುರುತು ಹಾಕಿದ ಕಡೆ ಕೈಯಲ್ಲಿ ತಿರುಗಿಸಿ ಮಣ್ಣು ಕೊರೆಯುವ ಆಗರ್‌ನಿಂದ ಒಂದೊಂದು ಅಡಿಗೂ ಮಣ್ಣು ತೆಗೆದು ಬೇರೆ ಬೇರೆ ಕವರಿಗೆ ಹಾಕಿ ಲ್ಯಾಬಿಗೆ ಕಳಿಸಬೇಕು. ನಾನು ನೋಡಿದ ಪ್ಲೇಟಿಂಗ್ ಶೆಡ್‌ಗಳಲ್ಲಿ ವಿಷ ಚಾಪೆ ಹಾಸಿದ ಹಾಗೆ ಸಮವಾಗಿ ಇರುವುದೇ ಇಲ್ಲ. ತೊಟ್ಟಿ ಸೋರಿದ ಕಡೆ ಎಂಟು ಹತ್ತಡಿ ಇಳಿದಿರುತ್ತದೆ. ಎರಡು ಮಾರು ಆಚೆ ಮಣ್ಣು ಚೆನ್ನಾಗಿಯೇ ಇರುತ್ತದೆ. ಇಂಥ ಕಡೆ ಎಲ್ಲಾ ಕಡೆ ಮೂರಡಿ ಅಂತ ತೆಗೆದರೆ ಒಳ್ಳೇ ಮಣ್ಣಿಗೆ ದುಡ್ಡು ಕೊಟ್ಟು ಸಾಗಿಸುತ್ತೀರಿ, ಕೆಟ್ಟದ್ದನ್ನು ಅಲ್ಲೇ ಬಿಡುತ್ತೀರಿ. ಎಷ್ಟು ಆಳ ಅಂತ ಹೇಳಬೇಕಾದದ್ದು ಲ್ಯಾಬಿನ ರಿಪೋರ್ಟು, ಕಾಂಟ್ರಾಕ್ಟರ್ ಅಲ್ಲ.

ಇನ್ನೊಂದು ಮಾತು. ಪ್ಲೇಟಿಂಗಿಗೆ ಮೊದಲು ಸಾಮಾನಿನ ಜಿಡ್ಡು ತೆಗೆಯಲು ಟ್ರೈಕ್ಲೋರೋಇಥಿಲೀನ್ ಬಳಸುತ್ತಿದ್ದರಾ ಅಂತ ಕೇಳಿ. ಬಳಸಿದ್ದರೆ ಅದಕ್ಕೂ ಪರೀಕ್ಷೆ ಮಾಡಿಸಿ. ಅದು ನೀರಿಗಿಂತ ಭಾರ, ಕೆಳಗೆ ಇಳಿಯುತ್ತಲೇ ಹೋಗುತ್ತದೆ. ಅದರ ಆವಿ ಮಾತ್ರ ಮೇಲೆ ಬಂದು ಮನೆಯೊಳಗೆ ಸೇರುತ್ತದೆ.

ತೆಗೆಯುವುದು ಖಾತ್ರಿಯಾದರೆ ಮಾಲಿನ್ಯ ನಿಯಂತ್ರಣ ಮಂಡಳಿಗೆ ತಿಳಿಸಿಯೇ ಮಾಡಿ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಇಂಥ ಮಣ್ಣು ಪರವಾನಗಿ ಇರುವ ಜಾಗಕ್ಕೇ ಹೋಗಬೇಕು. ಪ್ರತಿ ಲೋಡಿಗೂ ಚೀಟಿ ಇರಬೇಕು: ಎಲ್ಲಿಂದ ಹೊರಟಿತು, ಯಾರು ಒಯ್ದರು, ಎಲ್ಲಿ ಇಳಿಸಿದರು ಅಂತ. ನಿಮಗೆ ಹತ್ತಿರ ಅಂದರೆ ದಾಬಸ್‌ಪೇಟೆಯ ಕಡೆ ಅಂಥದ್ದೊಂದು ಇದೆ. ಅಡಿಯಲ್ಲಿ ಜೇಡಿಮಣ್ಣು, ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ, ಸೋರಿದ ನೀರು ಹಿಡಿಯಲು ಪೈಪು, ಹೀಗೆ ಪದರ ಪದರವಾಗಿ ಕಟ್ಟಿದ ಗುಂಡಿಗಳು ಇಂಥ ಜಾಗಗಳಲ್ಲಿ ಇರುತ್ತವೆ. ದುಬಾರಿ, ಹೌದು. ಅದಕ್ಕೇ ಕಲುಷಿತ ಭಾಗವನ್ನಷ್ಟೇ ಬೇರೆ ಮಾಡಿ ತೆಗೆಯಿರಿ ಅನ್ನುವುದು.

ಕೆಲಸ ಬೇಸಿಗೆಯಲ್ಲೇ ಮುಗಿಯಬೇಕು. ಅಗೆದ ಗುಂಡಿಯಲ್ಲಿ ಒಂದು ಜೋರು ಮಳೆ ನಿಂತರೆ ಅದೇ ಇಂಗುಗುಂಡಿಯಾಗಿ, ತಳದಲ್ಲಿ ಉಳಿದ ಕ್ರೋಮಿಯಮ್ಮನ್ನು ಸೀದಾ ಕೆಳಗೆ ತಳ್ಳುತ್ತದೆ. ರಾಶಿಗೆ ಟಾರ್ಪಾಲಿನ್, ಟಿಪ್ಪರಿಗೂ ಟಾರ್ಪಾಲಿನ್. ಧೂಳು ಏಳದ ಹಾಗೆ ನೀರು ಚಿಮುಕಿಸಬೇಕು. ಆ ನೀರು ನಿಮ್ಮ ಹಳದಿ ಬೋರ್‌ವೆಲ್ಲಿನದ್ದಾಗಬಾರದು! ಹೇಳದಿದ್ದರೆ ಕೆಲಸದವರು ಅದನ್ನೇ ಹಿಡಿಯುತ್ತಾರೆ, ಪಾಪ, ಹತ್ತಿರ ಇರುವುದು ಅದೇ ತಾನೇ.

ತುಂಬಿಸುವ ಮೊದಲು ಗುಂಡಿಯ ತಳ, ನಾಲ್ಕೂ ಗೋಡೆಗಳ ಮಣ್ಣು ಮತ್ತೆ ಲ್ಯಾಬಿಗೆ ಹೋಗಬೇಕು. ಇನ್ನೂ ಸ್ವಲ್ಪ ಉಳಿದಿದ್ದು, ಅಗೆಯಲಿಕ್ಕೆ ಬಂಡೆ ಅಡ್ಡ ಬಂದರೆ, ತಳಕ್ಕೆ ಫೆರಸ್ ಸಲ್ಫೇಟ್ ಬೆರೆಸುತ್ತಾರೆ. ಹಳಬರು ಅನ್ನಭೇದಿ ಅನ್ನುತ್ತಿದ್ದದ್ದು ಇದನ್ನೇ. ಒಮ್ಮೆ ಲ್ಯಾಬಿನಲ್ಲಿ ನೋಡಬೇಕು ನೀವು. ಹಳದಿ ನೀರಿನ ಬಾಟಲಿಗೆ ಅನ್ನಭೇದಿ ಹಾಕಿ ಸ್ವಲ್ಪ ಸುಣ್ಣ ಬೆರೆಸಿದರೆ ಹಳದಿ ಹೋಗಿ ಕೆಸರು ಹಸಿರು ಕಂದು ಆಗುತ್ತದೆ. ಆ ಕೆಸರೆಲ್ಲ ನಿಧಾನವಾಗಿ ತಳ ಸೇರಿ ಮೇಲಿನ ನೀರು ತಿಳಿಯಾಗುತ್ತದೆ. ಆರು ಮೂರಾಯಿತು ಅಂತ ಲೆಕ್ಕ. ಮನೆಯಲ್ಲಿ ನೀವೇ ಮಾಡಲು ಹೋಗಬೇಡಿ, ಪ್ರಮಾಣ ತಿಳಿದವರೇ ಮಾಡಬೇಕು.

ಆ ಬೋರ್‌ವೆಲ್ ವಿಷಯ. ಪ್ಲೇಟಿಂಗ್ ತೊಟ್ಟಿಯ ಪಕ್ಕದಲ್ಲೇ ಇದ್ದು, ಕೇಸಿಂಗ್ ಸುತ್ತ ಸರಿಯಾಗಿ ಮುಚ್ಚದಿದ್ದರೆ ವಿಷ ಇಳಿಯಲು ಅದೇ ಏಣಿ. ಸಿಮೆಂಟು ಹಾಲು ತುಂಬಿ ಶಾಶ್ವತವಾಗಿ ಮುಚ್ಚುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಆದರೆ ಮಂಡಳಿಯವರು ನೀರಿನ ಮೇಲೆ ನಿಗಾ ಇಡಲು ಅದು ಬೇಕು ಅಂದರೆ ಅವರು ಹೇಳಿದಂತೆ ಮಾಡಿ. ಮನೆ ಕಟ್ಟಿದ ಮೇಲೆ ಮಳೆ ನೀರನ್ನು ಸಂಪಿನಲ್ಲಿ ಹಿಡಿದು ಬಳಸಿ, ಇಂಗಿಸಬೇಡಿ. ಬೇರೆ ಯಾರೇ ಕೇಳಿದ್ದರೂ ನಾನು ಇಂಗಿಸಿ ಅಂತಲೇ ಹೇಳುತ್ತಿದ್ದೆ.

ಖರ್ಚು ಯಾರದ್ದು ಅಂತ ನೀವು ಕೇಳಿಲ್ಲ, ಆದರೆ ಕೇಳಬೇಕಿತ್ತು. ಕಲುಷಿತ ಜಾಗಗಳಿಗೇ ಅಂತ ಕೇಂದ್ರ ಸರ್ಕಾರ 2025ರ ಜುಲೈನಲ್ಲಿ ಹೊಸ ನಿಯಮ ತಂದಿದೆ. ಮಾಲಿನ್ಯ ಮಾಡಿದವರೇ ಶುದ್ಧ ಮಾಡುವ ಖರ್ಚು ಕೊಡಬೇಕು ಅನ್ನುತ್ತದೆ ಅದು. ಹಳೇ ಬಾಡಿಗೆ ಕರಾರು ಪತ್ರ ಹುಡುಕಿ ಎತ್ತಿಡಿ, ವಕೀಲರಿಗೆ ತೋರಿಸಿ.

ಪ್ರಶ್ನೆ: ನಮ್ಮ ಪಕ್ಕದ ಹಳೇ ಕಾರ್ಖಾನೆ ಜಾಗದಲ್ಲಿ ಎರಡು ವರ್ಷದ ಹಿಂದೆ ಮಣ್ಣೆಲ್ಲ ತೆಗೆದು ಸಾಗಿಸಿದರು. ಆದರೂ ನಮ್ಮ ಬೋರ್ ನೀರಿನ ರಿಪೋರ್ಟಿನಲ್ಲಿ ಕ್ರೋಮಿಯಂ ಇದೆ. ನಮಗೆ ಮೋಸ ಆಯಿತಾ? ಕುದಿಸಿ ಕುಡಿದರೆ ಪರವಾಗಿಲ್ವಾ?

ಉತ್ತರ: ಎರಡನೆಯದಕ್ಕೆ ಮೊದಲು ಉತ್ತರ. ಕುದಿಸಬೇಡಿ. ಕುದಿಸಿದರೆ ಸಾಯುವುದು ಕ್ರಿಮಿ. ಲೋಹ ಎಲ್ಲಿಗೂ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಇನ್ನೂ ಗಟ್ಟಿಯಾಗುತ್ತದೆ. ಕುಡಿಯಲು, ಅಡುಗೆಗೆ ಬೇರೆ ನೀರು ಮಾಡಿಕೊಳ್ಳಿ.

ಮೋಸ ಆಗಿರಲೇಬೇಕು ಅಂತೇನಿಲ್ಲ. ನಮ್ಮ ಬಯಲುಸೀಮೆಯ ನೆಲ ಹೇಗಿದೆ ಅಂದರೆ, ಮೇಲೆ ಕೆಂಪು ಮಣ್ಣು, ಅದರ ಕೆಳಗೆ ಗರಸು, ಆಮೇಲೆ ಬಂಡೆ. ಬೋರ್ ಕೊರೆಯುವವರು 'ಗ್ಯಾಪ್ ಸಿಕ್ತು' ಅನ್ನುತ್ತಾರಲ್ಲ, ಬಂಡೆಯ ಆ ಬಿರುಕುಗಳಲ್ಲೇ ನೀರು ಓಡುವುದು. ಕ್ರೋಮಿಯಂ ಒಮ್ಮೆ ಬಿರುಕಿಗೆ ಇಳಿದರೆ ಜೆಸಿಬಿಗೆ ಸಿಗುವುದಿಲ್ಲ. ಅಷ್ಟೇ ಅಲ್ಲ, ಮೆತ್ತಗಾದ ಬಂಡೆ ಮತ್ತು ಗರಸು ಸ್ಪಂಜಿನ ಹಾಗೆ ಹೀರಿಕೊಂಡಿರುತ್ತವೆ. ಬಿರುಕಿನ ನೀರು ತಿಳಿಯಾದಂತೆಲ್ಲ ಒಳಗಿನದ್ದು ಮೆಲ್ಲಗೆ ಹೊರಗೆ ಬಿಡುತ್ತದೆ. ಹಾಗಾಗಿ ವರ್ಷಗಳೇ ಹಿಡಿಯುತ್ತವೆ. ಕ್ಯಾಲಿಫೋರ್ನಿಯಾದ ಹಿಂಕ್ಲಿ ಎಂಬಲ್ಲಿ 1950, 60ರ ದಶಕಗಳಲ್ಲಿ ಕ್ರೋಮಿಯಂ ನೀರನ್ನು ಹೊಂಡಕ್ಕೆ ಬಿಟ್ಟಿದ್ದರು. ಅದನ್ನು ಶುದ್ಧ ಮಾಡುವ ಕೆಲಸ ಈ ಶತಮಾನಕ್ಕೂ ಬಂತು. ಅಲ್ಲಿ ಮಾಡಿದ ಒಂದು ಉಪಾಯ ನನಗೆ ಬಹಳ ಇಷ್ಟ: ಕೆಟ್ಟ ನೀರನ್ನು ಎತ್ತಿ ಕುದುರೆ ಮೆಂತೆಯ ಹೊಲಕ್ಕೆ ಹಾಯಿಸಿದರು. ಬೇರಿನ ಸುತ್ತ ಇರುವ ಜೀವಾಣು, ಕೊಳೆತ ಎಲೆಕಸ ಸೇರಿ ಆರನ್ನು ಮೂರು ಮಾಡುತ್ತವೆ.

ಹಾಗಾದರೆ ಮಣ್ಣು ತೆಗೆದದ್ದು ದಂಡವೇ? ಅಲ್ಲ. ತೆಗೆಯದಿದ್ದರೆ ಏನಾಗುತ್ತದೆ ಅಂತ ನೋಡಲು ರಾಣಿಪೇಟೆಗೆ ಹೋಗಬೇಕು, ಬೆಂಗಳೂರು–ಚೆನ್ನೈ ದಾರಿಯಲ್ಲೇ ಸಿಗುತ್ತದೆ. ಅಲ್ಲಿ ಚರ್ಮ ಹದ ಮಾಡುವವರಿಗೆ ಕ್ರೋಮಿಯಂ ಲವಣ ಮಾಡುತ್ತಿದ್ದ ಕಾರ್ಖಾನೆಯೊಂದು 1990ರ ದಶಕದಲ್ಲಿ ಮುಚ್ಚಿತು. ಲಕ್ಷ ಟನ್ನಿಗೂ ಮೀರಿದ ಕಸ ಬಯಲಲ್ಲಿ ಉಳಿಯಿತು. ಪ್ರತಿ ಮಳೆಗಾಲವೂ ಅದರಲ್ಲಿ ಒಂದಿಷ್ಟು ಕರಗಿಸಿ ಕೆಳಗಿಳಿಸುತ್ತದೆ. ಆ ನೀರು ಪಾಲಾರ್ ಹೊಳೆಯ ಸೀಮೆಯದ್ದು, ನಮ್ಮ ನಂದಿಬೆಟ್ಟದ ಕಡೆ ಹುಟ್ಟುವ ಪಾಲಾರ್. ನಿಮ್ಮ ಪಕ್ಕದ ಜಾಗದಲ್ಲಿ ಆ ಮೂಲ ನಿಂತಿದೆ. ಬೇಸಿಗೆಗೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ ಪರೀಕ್ಷೆ ಮಾಡಿಸಿ ಅಂಕಿ ಬರೆದಿಡಿ. ಇಳಿಯುತ್ತಿದ್ದರೆ ಕೆಲಸ ಆಗಿದೆ. ಪ್ರತಿ ಮಳೆಗಾಲದ ನಂತರ ಏರುತ್ತಿದ್ದರೆ ಎಲ್ಲೋ ಒಂದು ಗುಪ್ಪೆ ಬಿಟ್ಟಿದ್ದಾರೆ ಅಂತ ಅರ್ಥ. ಆಗ ಆ ಅಂಕಿಗಳನ್ನೇ ಹಿಡಿದುಕೊಂಡು ಮಂಡಳಿಗೆ ಹೋಗಿ.

ಪ್ರಶ್ನೆ: ಕೆಜಿಎಫ್‌ನ ಸೈನೈಡ್ ದಿಬ್ಬಗಳನ್ನೂ ಹೀಗೇ ಎತ್ತಿ ಸಾಗಿಸಬಹುದಲ್ಲ? ಯಾಕೆ ಮಾಡುತ್ತಿಲ್ಲ?

ಉತ್ತರ: ಟಿಪ್ಪರ್ ಲೆಕ್ಕವನ್ನೇ ಮತ್ತೆ ಹಾಕೋಣ. ಅದಿರು ಅರೆದು ಸೈನೈಡಿನಿಂದ ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ರಾಶಿಗಳೇ ಈ ದಿಬ್ಬಗಳು. 13 ದಿಬ್ಬಗಳಲ್ಲಿ ಇರುವುದು ಸುಮಾರು 3.3 ಕೋಟಿ ಟನ್. ಹತ್ತು ಟನ್ನಿನ ಲೋಡು, ದಿನಕ್ಕೆ ನೂರು ಲೋಡು, ಒಂದು ದಿನವೂ ರಜೆ ಇಲ್ಲ ಅಂದುಕೊಂಡರೂ ತೊಂಬತ್ತು ವರ್ಷ ಬೇಕು. ಅಷ್ಟನ್ನು ಹಿಡಿಯುವ ಗುಂಡಿ ಎಲ್ಲಿದೆ? ಇಷ್ಟು ದೊಡ್ಡ ರಾಶಿಯನ್ನು ಇದ್ದಲ್ಲೇ ಕಟ್ಟಿಹಾಕುವುದೇ ದಾರಿ. ಇಳಿಜಾರು ಸರಿಮಾಡಿ, ಮೇಲೆ ಮಣ್ಣು ಹೊದಿಸಿ, ಹುಲ್ಲು ಗಿಡ ಹಿಡಿಸಿ, ಮಳೆ ನೀರು ಹರಿದು ಹೋಗುವ ಕಡೆ ತಡೆ ಕಟ್ಟಬೇಕು. ಹೆಸರಿಗೆ ಸೈನೈಡ್ ದಿಬ್ಬ ಅಂದರೂ, ಮೇಲ್ಪದರದ ಸೈನೈಡ್ ಬಿಸಿಲು ಗಾಳಿಗೆ ಕಾಲಕ್ರಮೇಣ ಒಡೆದು ಹೋಗುತ್ತದೆ. ಊರಿನವರಿಗೆ ದಿನನಿತ್ಯದ ಕಾಟ ಅಂದರೆ ಬೇಸಿಗೆ ಗಾಳಿಗೆ ಏಳುವ ಆ ನುಣ್ಣನೆ ಧೂಳು.

ಅಂದಹಾಗೆ, ಮೇಲೆ ಹೇಳಿದ 2025ರ ನಿಯಮ ಗಣಿಗಾರಿಕೆಯಿಂದಾದ ಮಾಲಿನ್ಯಕ್ಕೆ ಅನ್ವಯಿಸುವುದಿಲ್ಲ. ಆದರೆ ದಿಬ್ಬಗಳಲ್ಲಿ ಉಳಿದ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರಲ್ಲಿ ಒಪ್ಪಿಗೆ ಕೊಟ್ಟಿದೆ. ಅಲ್ಲಿ ಚಿನ್ನ ಸಿಗುವುದು ಟನ್ನಿಗೆ ಗ್ರಾಂ ಲೆಕ್ಕದಲ್ಲಿ. ಅದನ್ನು ತೆಗೆದ ಮೇಲೂ ಪುಡಿ ಹೆಚ್ಚು ಕಡಿಮೆ ಅಷ್ಟೇ ಉಳಿಯುತ್ತದೆ. ಸಾರ್ವಜನಿಕ ಅಹವಾಲು ಸಭೆ ಕರೆದರೆ ಹೋಗಿ. ಹೊಸ ರಾಶಿ ಎಲ್ಲಿ ಹಾಕುತ್ತೀರಿ, ಅದರ ಅಡಿಗೆ ಏನು ಹಾಸುತ್ತೀರಿ, ನಕ್ಷೆ ತೋರಿಸಿ ಅಂತ ಕೇಳಿ.