ಮನೆಯಲ್ಲಿ ಮಾಡಿದ ಸೋಯಾ ಹಾಲಿಗೆ ಹಸಿ ವಾಸನೆ ಏಕೆ ಬರುತ್ತದೆ?

ಕಾಳು ಕೆಟ್ಟಿದೆಯೆಂದು ಎಸೆಯಬೇಡಿ, ವಾಸನೆ ಹುಟ್ಟುವುದು ರುಬ್ಬುವಾಗ. ಸೋಯಾ ಕಾಳಿನಲ್ಲಿ ಲಿಪಾಕ್ಸಿಜಿನೇಸ್ ಎಂಬ ಕಿಣ್ವವಿದೆ. ತಣ್ಣೀರು ಹಾಕಿ ರುಬ್ಬಿದ ಕೂಡಲೇ ಅದು ಗಾಳಿಯಲ್ಲಿನ ಆಮ್ಲಜನಕವನ್ನು ಬಳಸಿ ಕಾಳಿನ ಕೊಬ್ಬನ್ನು ಒಡೆಯಲು ತೊಡಗುತ್ತದೆ. ಹುಲ್ಲಿನಂಥ ಆ ಹಸಿ ವಾಸನೆಯ ಮೂಲ ಇದೇ. ಒಮ್ಮೆ ಬಂದರೆ ಆಮೇಲೆ ಎಷ್ಟು ಕುದಿಸಿದರೂ ಪೂರ್ತಿ ಹೋಗುವುದಿಲ್ಲ, ಏಲಕ್ಕಿ ಹಾಕಿದರೂ ಅಷ್ಟೇ. ಆದ್ದರಿಂದ ರುಬ್ಬುವ ಮೊದಲೇ ಬಿಸಿ ತಾಗಿಸಿ ಕಿಣ್ವದ ಕೆಲಸ ನಿಲ್ಲಿಸಬೇಕು.

100 ಗ್ರಾಂ ಕಾಳನ್ನು ರಾತ್ರಿಯಿಡೀ ನೆನೆಸಿ. ಬೆಳಿಗ್ಗೆ ಆ ನೀರು ಚೆಲ್ಲಿ, ತೊಳೆದು, ಕುದಿಯುತ್ತಿರುವ ನೀರಿಗೆ ಹಾಕಿ 5 ನಿಮಿಷ ಬಿಡಿ. ಬಸಿದು, ಸುಮಾರು ಒಂದು ಲೀಟರ್ ಬಿಸಿನೀರನ್ನು ಸ್ವಲ್ಪಸ್ವಲ್ಪವಾಗಿ ಸೇರಿಸುತ್ತಾ ನುಣ್ಣಗೆ ರುಬ್ಬಿ. ಮಿಕ್ಸಿ ಜಾರನ್ನು ಅರ್ಧಕ್ಕಿಂತ ಹೆಚ್ಚು ತುಂಬಿಸಬೇಡಿ, ಬಿಸಿ ಆವಿ ಮುಚ್ಚಳವನ್ನು ಹಾರಿಸುತ್ತದೆ. ತೆಳು ಬಟ್ಟೆಯಲ್ಲಿ ಸೋಸಿ ಹಿಂಡಿ.

ಇನ್ನು ಕುದಿಸುವುದು. ಇಲ್ಲಿ ದಯವಿಟ್ಟು ಅವಸರ ಮಾಡಬೇಡಿ. ಈ ಹಾಲು ನಿಜವಾಗಿ ಕುದಿಯುವ ಮೊದಲೇ ನೊರೆಯೆದ್ದು ಉಕ್ಕಿಬಿಡುತ್ತದೆ. ಅದನ್ನು ನೋಡಿ ಒಲೆ ಆರಿಸಿದರೆ ಹಾಲು ಹಸಿಯಾಗಿಯೇ ಉಳಿಯುತ್ತದೆ. ಪ್ರೋಟೀನ್ ಜೀರ್ಣವಾಗದಂತೆ ತಡೆಯುವ ಅಂಶಗಳು ಕಾಳಿನಲ್ಲಿದ್ದು, ಚೆನ್ನಾಗಿ ಬೆಂದರೆ ಮಾತ್ರ ಅವು ಕುಗ್ಗುತ್ತವೆ. ಉರಿ ತಗ್ಗಿಸಿ, ತಳ ಹಿಡಿಯದಂತೆ ಕೈಯಾಡಿಸುತ್ತಾ 15 ನಿಮಿಷ ಕುದಿಸಿ.

ಉಳಿದ ಹಿಂಡಿಯನ್ನು ಚಪಾತಿ ಹಿಟ್ಟಿಗೋ ರೊಟ್ಟಿಗೋ ಕಲಸಬಹುದು. ಹಾಲನ್ನು ಫ್ರಿಜ್‌ನಲ್ಲಿಟ್ಟು ಎರಡು ಮೂರು ದಿನದೊಳಗೆ ಮುಗಿಸಿ. ಹಸುವಿನ ಹಾಲಿನಷ್ಟು ಕ್ಯಾಲ್ಸಿಯಂ ಇದರಲ್ಲಿಲ್ಲ. ಹಸುಳೆಗಳಿಗೆ ತಾಯಿಹಾಲಿನ ಬದಲಾಗಿ ಕೊಡಲೇಬೇಡಿ.