ತೇಲುವ ಗಾಡಿ ಅಂತ ಐಸ್ ಮೇಲೆ ಧೈರ್ಯ ಬೇಡ

ನಾನೂ ಪುಣೆಯವನೇ ಸರ್, ಕೋಥ್ರೂಡ್. ಕೆನಡಾದಲ್ಲಿರುವ ನಿಮ್ಮ ಭಾವನ ಎಂಟು ಚಕ್ರದ ಆರ್ಗೋವನ್ನು (ನೆಲದಲ್ಲೂ ನೀರಲ್ಲೂ ಓಡುವ ಗಾಡಿ) ಹೆಪ್ಪುಗಟ್ಟಿದ ಕೆರೆ ಮೇಲೆ ಓಡಿಸಬಹುದಾ, ಐಸ್ ಒಡೆದರೂ ತೇಲುತ್ತದಲ್ವಾ ಅಂತ ಕೇಳಿದ್ದೀರಿ. ತೇಲುತ್ತದೆ, ನಿಜ. ಕಷ್ಟ ಇರುವುದು ವಾಪಸ್ ಮೇಲೆ ಹತ್ತುವುದರಲ್ಲಿ. ನೀರಲ್ಲಿ ಟೈರುಗಳೇ ದೋಣಿಯ ಹುಟ್ಟು, ವೇಗ ನಡಿಗೆಯಷ್ಟೇ. ಗಾಡಿಯ ಮೂತಿ ತಾಗಿದರೆ ಐಸಿನ ಅಂಚು ಮುರಿಯುತ್ತದೆ. ಮುಂದೆ ಹೋದರೆ ಮತ್ತೆ ಮುರಿಯುತ್ತದೆ. ಒದ್ದೆ ಟೈರು ಸುಮ್ನೆ ತಿರುಗುತ್ತಿರುತ್ತದೆ.

ಅದಕ್ಕೇ ಮೊದಲು ದಪ್ಪ ನೋಡಿ. ತಿಳಿಯಾದ ಗಟ್ಟಿ ಐಸ್ ಆದರೆ ನಡೆಯೋಕೆ 4 ಇಂಚು, ಸಣ್ಣ ಎಟಿವಿಗೆ (ಕಚ್ಚಾ ನೆಲದಲ್ಲಿ ಓಡುವ ದಪ್ಪ ಟೈರಿನ ಪುಟ್ಟ ಗಾಡಿ) 5ರಿಂದ 7 ಇಂಚು ಅನ್ನುತ್ತಾರೆ. ಆರ್ಗೋ ಭಾರ ಜಾಸ್ತಿ. 10 ಇಂಚು ಇಲ್ಲದಿದ್ದರೆ ನಾನಂತೂ ಇಳಿಯಲ್ಲ. ಬಿಳಿ ಐಸಿಗೆ ಅರ್ಧ ಬಲ, ಹಾಗಾಗಿ ದುಪ್ಪಟ್ಟು ದಪ್ಪ ಬೇಕು. ಒಂದೇ ತೂತು ಕೊರೆದು ನಂಬಬೇಡಿ, ಹೊಳೆ ಬಂದು ಸೇರುವ ಕಡೆ ಐಸ್ ತೆಳ್ಳಗಿರುತ್ತದೆ.

ತಳದ ಡ್ರೇನ್ ಪ್ಲಗ್, ಅಂದರೆ ನೀರು ಹೊರಬಿಡುವ ತೂತಿನ ಬಿರಡೆ, ಬಿಗಿಯಾಗಿದೆಯಾ ಅಂತ ಕೈಯಲ್ಲೇ ಮುಟ್ಟಿ ನೋಡಿ. ಅದಿಲ್ಲದಿದ್ದರೆ ತೇಲುವ ಮಾತೇ ಇಲ್ಲ. ಲೈಫ್ ಜಾಕೆಟ್ ಬೇಕೇ ಬೇಕು, ಕುತ್ತಿಗೆಗೆ ಐಸ್ ಪಿಕ್ (ನೀರಿಗೆ ಬಿದ್ದರೆ ಐಸಿಗೆ ಚುಚ್ಚಿ ಮೇಲೆ ಬರೋಕೆ ಬೇಕಾದ ಚೂಪು ಮೊಳೆಯ ಹಿಡಿಕೆ) ಕೂಡ. ನಮ್ಮ ಪುಣೆಯ ಖಡಕ್‌ವಾಸ್ಲಾ ಜಲಾಶಯದಲ್ಲಿ ಈಜಿದ ಧೈರ್ಯ ಅಲ್ಲಿ ನಡೆಯಲ್ಲ, ಆ ನೀರಿಗೆ ಬಿದ್ದರೆ ಮೊದಲ ಒಂದು ನಿಮಿಷ ಉಸಿರೇ ಹಿಡಿತಕ್ಕೆ ಸಿಗಲ್ಲ.

ಗಾಡಿಗೆ ರಬ್ಬರ್ ಟ್ರ್ಯಾಕ್ (ಚಕ್ರಗಳ ಸುತ್ತ ಹಾಕುವ ಪಟ್ಟಿ) ಹಾಕಿದ್ದಾರಾ? ಭಾವನನ್ನು ಕೇಳಿ ತಿಳಿಸಿ.